ಓದು ಅದೇ, ಓದುವವನು ಅವನೇ?



ಯೆಹೂದಿಗಳ ಧರ್ಮಗ್ರಂಥವಾದ ತೋರಾ ಐದು ಕಾಂಡಗಳದ್ದು. ಅದನ್ನು 54 ಭಾಗ ಮಾಡಿ, ಶನಿವಾರದ ಸಬ್ಬತ್ತಿನಂದು ಓದುತ್ತಾ ಹೋಗುತ್ತಾರೆ. ವರ್ಷದ ಸುತ್ತು ಮುಗಿಯುವ ‘ಸಿಮ್ಹತ್ ತೋರಾ’ ಹಬ್ಬದಂದು ಮೋಶೆಯ ಮರಣದ ಪ್ರಸಂಗವನ್ನೋದಿ, ಕೂಡಲೇ ಸೃಷ್ಟಿಯ ಕಥೆಗೆ ಮರಳುತ್ತಾರೆ. ಈ ಪಾರಾಯಣಕ್ಕೆ ಮಂಗಳವೆಂಬುದೇ ಇಲ್ಲ.

ಹೀಗೆ ಓದಿದ್ದನ್ನೇ ಓದಿದರೆ ಮನುಷ್ಯ ತಿದ್ದಿಕೊಳ್ಳುವನೇ? ಪಾಂಡಿತ್ಯವಿದ್ದೂ ಸಿಟ್ಟು, ಜಂಬ, ಚಾಡಿ ಬಿಡದಿದ್ದರೆ ಏನು ಬಂತು? 19ನೇ ಶತಮಾನದ ಲಿಥುವೇನಿಯಾದಲ್ಲಿ ರಬ್ಬಿ ಇಸ್ರೇಲ್ ಸಲಾಂತರ್ (1810–1883) ಇದನ್ನೇ ಮುಖ್ಯವಾಗಿಸಿ, ‘ಮುಸಾರ್’ ಎಂಬ ನಡತೆಯ ಶಿಕ್ಷಣದ ಚಳವಳಿ ಕಟ್ಟಿದರು. ಆ ಪಂಥದವರು ಮೆಚ್ಚಿದ ಕೈಪಿಡಿ, 1808ರಲ್ಲಿ ಮೆಂಡೆಲ್ ಲೆಫಿನ್ ಪ್ರಕಟಿಸಿದ ‘ಹೆಷ್ಬೋನ್ ಹನೆಫೆಷ್’, ಅಂದರೆ ಆತ್ಮದ ಲೆಕ್ಕ. ಅದರಲ್ಲಿ 13 ಗುಣಗಳು. ವಾರಕ್ಕೊಂದರಂತೆ ವರ್ಷಕ್ಕೆ ನಾಲ್ಕು ಸುತ್ತು. ದಿನದ ತಪ್ಪುಗಳನ್ನು ಪಟ್ಟಿಯಲ್ಲಿ ಗುರುತು ಹಾಕಬೇಕು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನ ಪದ್ಧತಿಯೇ ಇದಕ್ಕೆ ಮಾದರಿ.

ಆ 13ರಲ್ಲಿ ಮೌನವೂ ಒಂದು. ಅರಣ್ಯಕಾಂಡದಲ್ಲಿ ಅಕ್ಕ ಮಿರಿಯಮ್ ತಮ್ಮ ಮೋಶೆಯನ್ನು ಆಡಿಕೊಂಡು ಚರ್ಮರೋಗಕ್ಕೆ ಗುರಿಯಾಗುತ್ತಾಳೆ. ಅವಳಿಗಾಗಿ ಇಡೀ ಜನ ಏಳು ದಿನ ಪಯಣ ನಿಲ್ಲಿಸುತ್ತದೆ. ಹುಡುಗನಾಗಿ ಓದಿದವನಿಗೆ ಇದು ಶಿಕ್ಷೆಯ ಕಥೆ. ಒಂದು ಮಾತಿನಿಂದ ಒಡಹುಟ್ಟಿದವರನ್ನು ಕಳೆದುಕೊಂಡವನಿಗೆ, ಕಾದು ನಿಂತ ಆ ಏಳು ದಿನಗಳೇ ಕಣ್ಣಿಗೆ ಬೀಳುತ್ತವೆ: ತಪ್ಪಿದವಳನ್ನು ಯಾರೂ ಬಿಟ್ಟು ಹೋಗಲಿಲ್ಲ.

ಗ್ರಂಥ ವರ್ಷವರ್ಷವೂ ಮೊದಲಿಗೆ ಮರಳುತ್ತದೆ. ಮರಳಿದ ಓದುಗ ಕೂದಲೆಳೆಯಷ್ಟೂ ಬದಲಾಗಿರದಿದ್ದರೆ, ಅದು ಬರೀ ಬಾಯಿಪಾಠ.