ಮುಡಿಪಿನ ಹಣ

 

ಈ ಮಹೋತ್ಸವದ ವೇದಿಕೆಯಲ್ಲಿ ನಿಂತು ಧರ್ಮೋಪದೇಶವನ್ನು ಮಾಡುವ ಯೋಗ್ಯತೆಯು ನನಗಿಲ್ಲ. ಜಮಾಖರ್ಚಿನ ಪುಸ್ತಕಗಳ ನಡುವೆ ಆಯುಷ್ಯವನ್ನು ಕಳೆದವನು ನಾನು. ಆದುದರಿಂದ ನಾನು ಬಲ್ಲ ಒಂದು ವಿಷಯವನ್ನಷ್ಟೇ ತಮ್ಮಲ್ಲಿ ಬಿನ್ನವಿಸಿಕೊಳ್ಳುವೆನು. ಶಾಲೆಯ ಕಟ್ಟಡಕ್ಕೆಂದು ಮೀಸಲಾದ ಹಣವನ್ನು ‘ಸದ್ಯಕ್ಕೆ ಮಾತ್ರ’ ಎಂದು ಬೇರೆ ವೆಚ್ಚಕ್ಕೆ ತೆಗೆದುಕೊಳ್ಳಬಹುದೇ ಎಂಬುದೇ ಆ ವಿಷಯವು.

ನಮ್ಮ ಮನೆಗಳಲ್ಲಿ ಮುಡಿಪು ಕಟ್ಟುವ ಪದ್ಧತಿಯುಂಟು. ಹರಕೆ ಹೊತ್ತ ಗೃಹಿಣಿಯು ನಾಣ್ಯವನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಮಾಡದಲ್ಲಿಡುವಳು. ಮನೆಯಲ್ಲಿ ಎಣ್ಣೆ ತೀರಿದರೆ ನೆರೆಮನೆಗೆ ಕಡಕ್ಕೆ ಹೋಗುವಳೇ ಹೊರತು ಆ ಗಂಟನ್ನು ಬಿಚ್ಚಳು. ಮನೆಯೊಳಗಿರುವ ಹಣವೆಲ್ಲವೂ ಮನೆಯ ಹಣವಲ್ಲವೆಂಬುದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ.

ನಗರಗಳನ್ನಾಳುವ ಪ್ರಾಜ್ಞರಿಗೆ ಈ ನಿಯಮವನ್ನು ಪಾಲಿಸುವುದು ಕಷ್ಟವಾಗುತ್ತದೆ. ಅದಕ್ಕೆ ಕಾರಣವಿದೆ. ಕಟ್ಟಡದ ಹಣವು ಒಮ್ಮೆಗೇ ಬರುತ್ತದೆ, ಮೆಲ್ಲಮೆಲ್ಲನೆ ವೆಚ್ಚವಾಗುತ್ತದೆ. ಸಂಬಳವನ್ನಾದರೋ ತಿಂಗಳು ತಿಂಗಳಿಗೆ ಕೊಡಬೇಕು. ತೆರಿಗೆಯು ಬರುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಅತ್ತ ಒಂದು ಖಾತೆಯಲ್ಲಿ ಹಣವು ಸುಮ್ಮನಿದೆ, ಇತ್ತ ಉಪಾಧ್ಯಾಯರು ಸಂಬಳಕ್ಕೆ ಕಾದಿದ್ದಾರೆ. ತೆರಿಗೆ ಬಂದೊಡನೆ ತುಂಬಿಬಿಡೋಣವೆಂದು ಯಾರಿಗಾದರೂ ತೋರುವುದು ಸಹಜ. ಹೀಗೆ ಯೋಚಿಸುವವರು ಕಳ್ಳರಲ್ಲ. ಆದರೆ ತಡವಾಗಿ ಬರುವ ಆದಾಯವು ಬೇರೆ, ಬಾರದೇ ಇರುವ ಆದಾಯವು ಬೇರೆ. ಮೊದಲನೆಯದಕ್ಕೆ ಕೈಗಡವು ಸೇತುವೆಯಾದೀತು. ಎರಡನೆಯದಕ್ಕೆ ಅದು ಮುಸುಕು ಮಾತ್ರ. ಕೊರತೆಯು ಅದರ ಮರೆಯಲ್ಲಿ ಬೆಳೆಯುತ್ತಲೇ ಹೋಗುವುದು.

ಅಮೇರಿಕೆಯ ಎರಡು ನಗರಗಳ ವೃತ್ತಾಂತವು ಇದನ್ನು ಸ್ಪಷ್ಟಪಡಿಸುತ್ತದೆ. ಕ್ಲೀವ್‌ಲೆಂಡ್ ನಗರವು ಶಾಶ್ವತ ಕಾಮಗಾರಿಗಳಿಗೆಂದು ಸಾಲಪತ್ರಗಳ ಮೂಲಕ ಎತ್ತಿದ್ದ ಕೋಟ್ಯಂತರ ಡಾಲರುಗಳನ್ನು ದಿನದ ವೆಚ್ಚಗಳಿಗೆ ಬಳಸುತ್ತ ಬಂದಿತ್ತು. ಲೆಕ್ಕಪುಸ್ತಕಗಳು ತಪಾಸಣೆಗೇ ಒಗ್ಗದಷ್ಟು ಕೆಟ್ಟಿದ್ದುವು. 1978ನೆಯ ಡಿಸೆಂಬರ್ 15ರಂದು ಸ್ಥಳೀಯ ಬ್ಯಾಂಕುಗಳ ಸಾಲವನ್ನು ತೀರಿಸಲಾರದೆ ಅದು ಕೈಚೆಲ್ಲಿತು. 1930ರ ದಶಕದ ಆರ್ಥಿಕ ಕುಸಿತದ ತರುವಾಯ ಆ ದುರ್ಗತಿಗೆ ಬಂದ ಮೊದಲನೆಯ ದೊಡ್ಡ ನಗರವದು.

ಶಿಕಾಗೋ ನಗರದ ಶಾಲೆಗಳ ಕಥೆಯು ನಮಗೆ ಇನ್ನೂ ಸಮೀಪದ್ದು. ಅಲ್ಲಿ ಶಾಲೆಗಳನ್ನು ನಡೆಸುವುದಕ್ಕೆ ಪ್ರತ್ಯೇಕ ಮಂಡಲಿಯೊಂದಿದ್ದು, ಅದರ ಸದಸ್ಯರನ್ನು ಆಗ ನಗರಾಧ್ಯಕ್ಷರೇ ನೇಮಿಸುತ್ತಿದ್ದರು. ಪಾಠದ ವೆಚ್ಚಕ್ಕೊಂದು, ಕಟ್ಟಡಕ್ಕೊಂದು, ಸಾಲ ತೀರಿಸುವುದಕ್ಕೊಂದು ಎಂದು ನಿಧಿಗಳು ಬೇರೆಬೇರೆಯಾಗಿದ್ದುವು. ಆದರೆ ಸಾಲ ತೀರಿಸುವುದಕ್ಕೆಂದು ಮೀಸಲಾಗಿದ್ದ ಹಣವನ್ನು ಮಂಡಲಿಯು ನಿತ್ಯದ ವೆಚ್ಚಕ್ಕೆ ತಿರುಗಿಸುತ್ತ ಬಂದಿತು. ಒಂದು ಸಾಲವನ್ನು ಮತ್ತೊಂದರಿಂದ ಮುಚ್ಚಿತು. 1979ನೆಯ ನವೆಂಬರಿನಲ್ಲಿ ಸಾಲಿಗರ ನಂಬಿಕೆಯು ಕದಡಿತು. ಡಿಸೆಂಬರ್ 21ರಂದು, ಕ್ರಿಸ್ತಜಯಂತಿಗೆ ನಾಲ್ಕು ದಿನಗಳಿರುವಾಗ, ಉಪಾಧ್ಯಾಯರಿಗೆ ಸಂಬಳವು ದೊರೆಯಲಿಲ್ಲ. ಮುಂದಿನ ವರ್ಷದ ಆರಂಭದಲ್ಲಿ ಅವರು ಪಾಠವನ್ನು ನಿಲ್ಲಿಸಿದರು. ನಾಲ್ಕು ಲಕ್ಷಕ್ಕೂ ಮಿಕ್ಕ ಮಕ್ಕಳಿದ್ದ ಶಾಲೆಗಳವು! 1980ರಲ್ಲಿ ಇಲಿನಾಯ್ ಸಂಸ್ಥಾನವು ಹಣಕಾಸಿನ ಮೇಲ್ವಿಚಾರಣೆಗಾಗಿ ಪ್ರತ್ಯೇಕ ಪ್ರಾಧಿಕಾರವನ್ನೇ ಸ್ಥಾಪಿಸಬೇಕಾಯಿತು. ಸಂಬಳವನ್ನುಳಿಸಲೆಂದು ಮುಟ್ಟಿದ ಹಣವು ಕಡೆಗೆ ಸಂಬಳವನ್ನೇ ನಿಲ್ಲಿಸಿತು.

ಕಾನೂನಿನ ಒಪ್ಪಿಗೆಯಿದ್ದರೆ ದೋಷವಿಲ್ಲವಷ್ಟೇ ಎಂದು ಕೆಲವರು ಕೇಳಬಹುದು. ಅದಕ್ಕೂ ಅದೇ ನಗರವು ಉತ್ತರವನ್ನಿತ್ತಿದೆ. 1995ರಲ್ಲಿ ಶಾಸನಸಭೆಯೇ ಹಲವು ಮೀಸಲು ತೆರಿಗೆಗಳನ್ನು, ಉಪಾಧ್ಯಾಯರ ನಿವೃತ್ತಿವೇತನದ ತೆರಿಗೆಯನ್ನೂ ಸೇರಿಸಿ, ಒಟ್ಟುಗೂಡಿಸಿತು. ಆ ನಿವೃತ್ತಿನಿಧಿಯು ಆಗ ತುಂಬಿದ ಕಣಜದಂತಿದ್ದಿತು. ಅದಕ್ಕೆ ಸಲ್ಲಬೇಕಾದ ವಂತಿಗೆಯು ಸುಮಾರು ಹತ್ತು ವರ್ಷ ಬಹುಮಟ್ಟಿಗೆ ಸಲ್ಲಲಿಲ್ಲ. 2013ರ ಹೊತ್ತಿಗೆ ಕಣಜವು ಅರೆವಾಸಿಯಾಗಿತ್ತು. ಕಾನೂನು ಒಪ್ಪಿದರೂ ಲೆಕ್ಕವು ಒಪ್ಪಲಿಲ್ಲ.

ದೂರದವರ ತಪ್ಪನ್ನೆಣಿಸುವುದು ಸುಲಭ. ಈಗ ನನ್ನ ತಪ್ಪನ್ನು ಹೇಳುವೆನು. ಬಹಳ ವರ್ಷಗಳ ಹಿಂದೆ ನಾನೊಂದು ಪ್ರೌಢಶಾಲೆಯ ಖಜಾಂಚಿಯಾಗಿದ್ದೆನು. ಅನುದಾನವು ತಡವಾದಾಗ ಕಟ್ಟಡದ ನಿಧಿಯಿಂದ ಎರಡು ತಿಂಗಳ ಸಂಬಳವನ್ನು ಕೊಡಿಸಿದೆನು. ಅನುದಾನವು ಬಂದಿತು, ಅಷ್ಟರಲ್ಲಿ ಮತ್ತೊಂದು ಅಡಚಣೆಯೂ ಬಂದಿತು. ಹಣವು ನಿಧಿಗೆ ಮರಳಲು ಮೂರು ವರ್ಷ ಹಿಡಿಯಿತು. ಒಂದು ಕಾಸೂ ಕಳವಾಗಿರಲಿಲ್ಲ, ಲೆಕ್ಕವು ಸರಿಯಾಗಿಯೇ ಕೂಡಿತು. ಆದರೆ ಇಟ್ಟಿಗೆ ಸಿಮೆಂಟುಗಳ ಬೆಲೆಯೇರಿ, ನಾಲ್ಕು ಕೋಣೆಗಳ ಹಣದಲ್ಲಿ ಮೂರೇ ಕೋಣೆಗಳೆದ್ದುವು. ಬಳೆಗಳನ್ನು ಮಾರಿ ಹಣವನ್ನಿತ್ತ ಮುದುಕಿಯೊಬ್ಬಳು ಸಂತೆಯಲ್ಲಿ ಕಂಡಾಗಲೆಲ್ಲ, “ಯಪ್ಪಾ, ಸಾಲಿ ಗ್ವಾಡಿ ಯಾವಾಗ ಏಳತಾವು?” ಎಂದು ಕೇಳುತ್ತಿದ್ದಳು. ಗೋಡೆಗಳೇಳುವುದಕ್ಕೆ ಮುಂಚೆಯೇ ಆಕೆ ಲಿಂಗೈಕ್ಯಳಾದಳು. ಆ ಬಾಕಿಯನ್ನು ಯಾವ ಖಾತೆಗೆ ಬರೆಯಬೇಕೆಂಬುದು ನನಗಿನ್ನೂ ತಿಳಿದಿಲ್ಲ.

ಮಹಾಶಯರೇ, ಈ ಮಹೋತ್ಸವದ ಸ್ಮರಣೆಗಾಗಿ ವಿದ್ಯಾರ್ಥಿಗಳಿಗೊಂದು ಕಟ್ಟಡವು ಏಳಬೇಕೆಂದು ತಾವೆಲ್ಲರೂ ಕಾಣಿಕೆಯನ್ನೀಯುತ್ತಿರುವಿರಿ. ಅದನ್ನು ಕಾಯುವವರಲ್ಲಿ ನನ್ನ ಬಿನ್ನಹವಿಷ್ಟು. ಆ ಹಣಕ್ಕೆ ಬೇರೆಯ ಖಾತೆಯಿರಲಿ. ಮುಟ್ಟಲೇಬೇಕಾದ ಆಪತ್ತು ಬಂದರೆ, ಕಾನೂನು ಅದಕ್ಕೆ ಅವಕಾಶವನ್ನು ಕೊಡುವುದೇ ಎಂಬುದನ್ನು ಮೊದಲು ನೋಡಿರಿ. ಕೊಟ್ಟರೆ, ದಾನಿಗಳ ಸಭೆಯಲ್ಲಿ ಬಾಯಿಬಿಟ್ಟು ಕೇಳಿರಿ. ಎಷ್ಟು, ಏತಕ್ಕೆ, ಯಾವ ಆದಾಯದಿಂದ, ಯಾವ ದಿನ ಮರಳುವುದೆಂಬುದನ್ನು ಬರೆದಿಡಿರಿ. ಮರಳಿಸುವ ಆದಾಯವನ್ನು ಬೆರಳಿಟ್ಟು ತೋರಿಸಲಾಗದಿದ್ದರೆ ಆ ಹಣವನ್ನು ಮುಟ್ಟಬೇಡಿರಿ. ಆಗ ನಿಮಗಿರುವುದು ತಡವಲ್ಲ, ಕೊರತೆ. ಕೊರತೆಗೆ ಮದ್ದು ವೆಚ್ಚವನ್ನಿಳಿಸುವುದು ಇಲ್ಲವೆ ಮತ್ತೊಮ್ಮೆ ಜೋಳಿಗೆ ಹಿಡಿಯುವುದು. ಮೊದಲಿನ ಕೈಗಡವು ತೀರದೆ ಎರಡನೆಯದು ಬೇಡ.

ಜೋಳಿಗೆ ಹಿಡಿಯುವುದರಲ್ಲಿ ನಾಚಿಕೆಯಿಲ್ಲ. ಕೊಟ್ಟವಳು ಕೇಳಿದಾಗ ತಲೆತಗ್ಗಿಸಿ ನಿಲ್ಲುವುದರಲ್ಲಿ ನಾಚಿಕೆಯುಂಟು. ಆ ನಾಚಿಕೆಯು ನನ್ನೊಡನೆಯೇ ಮುಗಿಯಲಿ.