ರಕ್ತದ ಅಂಕಿ, ಅದರ ಅರ್ಥ

ಮನೆಯಲ್ಲಿ ಯಾರಿಗಾದರೂ ರಕ್ತಪರೀಕ್ಷೆಯಾದರೆ, ವರದಿ ಕೈಗೆ ಬರುತ್ತಲೇ ಎಲ್ಲರ ಕಣ್ಣೂ ಓಡುವುದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳ ಕಡೆಗೆ. ಎದುರಿಗೆ ಕೊಟ್ಟಿರುವ ಮಿತಿಗಿಂತ ಅಂಕಿ ಕೊಂಚ ಹೆಚ್ಚೋ ಕಡಮೆಯೋ ಆಗಿದ್ದರೆ ಸಾಕು, ಆ ರಾತ್ರಿ ಮನೆಯವರಿಗೆ ನಿದ್ದೆಯಿಲ್ಲ. ದಪ್ಪಕ್ಷರ ಒಂದೂ ಇಲ್ಲದಿದ್ದರೆ ಕಾಯಿಲೆಯೇ ಇಲ್ಲವೆಂಬ ಸಮಾಧಾನ. ಈ ಅಂಜಿಕೆ, ಈ ಸಮಾಧಾನ ಎರಡೂ ಅನೇಕ ವೇಳೆ ತಪ್ಪಾಗಿರುವುದುಂಟು.

ಆ ಮಿತಿ ಎಲ್ಲಿಂದ ಬಂತು? ಆರೋಗ್ಯವಂತರಾದ ಬಹುಮಂದಿಯ ರಕ್ತವನ್ನು ಪರೀಕ್ಷಿಸಿ, ಅಂಕಿಗಳನ್ನು ಸಾಲಾಗಿ ಜೋಡಿಸಿ, ನಡುವಿನ ನೂರಕ್ಕೆ 95 ಪಾಲನ್ನು ಇಟ್ಟುಕೊಂಡು, ಎರಡು ತುದಿಗಳನ್ನು ಬಿಡುವುದು ವಾಡಿಕೆ. ಎಂದರೆ, ಯಾವ ರೋಗವೂ ಇಲ್ಲದ ಇಪ್ಪತ್ತು ಮಂದಿಯಲ್ಲಿ ಸುಮಾರಾಗಿ ಒಬ್ಬರು ಮಿತಿಯ ಆಚೆಗೆ ಬೀಳುತ್ತಾರೆ. ಆರೋಗ್ಯವಂತರೊಬ್ಬರಿಗೆ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ, ಒಂದಾದರೂ ಮಿತಿ ಮೀರುವ ಸಂಭವ ನೂರಕ್ಕೆ 64! ಸಕ್ಕರೆ, ಕೊಲೆಸ್ಟರಾಲ್‌ಗಳ ಮಿತಿ ಮಾತ್ರ ಬೇರೆ ಬಗೆಯದು. ಮುಂದೆ ಬರಬಹುದಾದ ಅಪಾಯವನ್ನು ನೋಡಿ ಗೊತ್ತುಮಾಡಿದ್ದು.

ಹಿಮೋಗ್ಲೋಬಿನ್ ಎಂಬ ಒಂದು ಅಂಕಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಕೆಂಪುಕಣಗಳಲ್ಲಿದ್ದು ಪ್ರಾಣವಾಯುವನ್ನು ಹೊರುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, 100 ಮಿಲಿಲೀಟರ್ ರಕ್ತದಲ್ಲಿ ಇದು ವಯಸ್ಕ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12 ಗ್ರಾಂಗಿಂತ ಕಡಮೆಯಾದರೆ ರಕ್ತಹೀನತೆ. ಬಸುರಿಯರಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಮಿತಿ ಇನ್ನೂ ಸ್ವಲ್ಪ ಕೆಳಗೆ.

“ರಕ್ತ ಕಡಮೆಯಿದೆ” ಎಂದೊಡನೆ ಅಂಗಡಿಯಿಂದ ಟಾನಿಕ್ಕು ತರುವುದು ನಮ್ಮ ರೂಢಿ. ಆದರೆ ರಕ್ತಹೀನತೆಯೆಂಬುದು ಜ್ವರದಂತೆ ಒಂದು ಲಕ್ಷಣ, ಕಾಯಿಲೆಯ ಹೆಸರಲ್ಲ. ಕಾರಣವನ್ನು ಹುಡುಕಲು ಅದೇ ವರದಿಯಲ್ಲಿ ಎಂ.ಸಿ.ವಿ. ಎಂಬ ಸಾಲು ನೆರವಾಗುತ್ತದೆ. ಅದು ಕೆಂಪುಕಣದ ಸರಾಸರಿ ಗಾತ್ರ. ಸಾಮಾನ್ಯವಾಗಿ 80ರಿಂದ 100. ಕಣ ಚಿಕ್ಕದಾಗಿದ್ದರೆ ಬಹುಮಟ್ಟಿಗೆ ಕಬ್ಬಿಣದ ಕೊರತೆ. ಹುಟ್ಟಿನಿಂದ ಬರುವ ಥಲಸ್ಸೀಮಿಯಾ ಗುಣದಲ್ಲಿಯೂ ಕಣ ಚಿಕ್ಕದೇ. ಕಬ್ಬಿಣದ ಗುಳಿಗೆಯಿಂದ ಅದು ಸರಿಹೋಗದು. ಗಂಡಹೆಂಡಿರಿಬ್ಬರಲ್ಲೂ ಈ ಗುಣವಿದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ತೀವ್ರವಾದ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಆದುದರಿಂದ ಮೊದಲೇ ತಿಳಿಯುವುದು ಮೇಲು. ಕಣ ದೊಡ್ಡದಾಗಿದ್ದರೆ ಬಿ-12 ಅಥವಾ ಫೋಲೇಟ್ ಕೊರತೆಯಿರಬಹುದು. ಮೀನು, ಮಾಂಸ, ಮೊಟ್ಟೆ ಬಿಟ್ಟು, ಹಾಲು ಮೊಸರನ್ನೂ ಅಷ್ಟಾಗಿ ಬಳಸದವರಲ್ಲಿ ಬಿ-12ರ ಕೊರತೆ ಬರುವ ಸಂಭವ ಹೆಚ್ಚು.

ಇಲ್ಲೊಂದು ಮೋಸವೂ ಉಂಟು. ಕಬ್ಬಿಣ, ಬಿ-12 ಎರಡೂ ಒಟ್ಟಿಗೆ ಕಡಮೆಯಾದರೆ, ಚಿಕ್ಕ ಕಣವೂ ದೊಡ್ಡ ಕಣವೂ ಬೆರೆತು ಸರಾಸರಿ ಗಾತ್ರ ಸರಿಯಾಗಿಯೇ ಕಾಣಬಹುದು. ದಪ್ಪಕ್ಷರವಿಲ್ಲದ ಸಾಲನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಹಿಮೋಗ್ಲೋಬಿನ್ 9, ಇಬ್ಬರಿಗೂ ಕಬ್ಬಿಣದ ಕೊರತೆ. ಒಬ್ಬಾಕೆ ತಿಂಗಳು ತಿಂಗಳೂ ಹೆಚ್ಚು ಸ್ರಾವವಾಗುವ ತರುಣಿ. ಕಾರಣ ಹೆಚ್ಚಾಗಿ ಅಲ್ಲಿಯೇ ಸಿಕ್ಕುತ್ತದೆ. ಇನ್ನೊಬ್ಬರು ಅರುವತ್ತು ದಾಟಿದ ಯಜಮಾನರು. ಹೊತ್ತುಹೊತ್ತಿಗೆ ಉಣ್ಣುವ ಇವರ ರಕ್ತ ಎಲ್ಲಿಗೆ ಹೋಯಿತು? ಜಠರದ ಹುಣ್ಣಿನಿಂದಲೋ, ಮಂಡಿನೋವಿಗೆಂದು ನುಂಗಿದ ಗುಳಿಗೆಗಳಿಂದಲೋ, ದೊಡ್ಡ ಕರುಳಿನ ಕ್ಯಾನ್ಸರಿನಿಂದಲೋ ರಕ್ತ ಕಣ್ಣಿಗೆ ಕಾಣದಂತೆ ಹನಿಹನಿಯಾಗಿ ಸೋರಿಹೋಗುತ್ತಿರಬಹುದು. ಟಾನಿಕ್ಕು ಕುಡಿದರೆ ಅವರ ಅಂಕಿಯೂ ಏರಬಹುದು, ಮನೆಯವರೂ ಹಿಗ್ಗಬಹುದು. ಅಷ್ಟರಲ್ಲಿ ಒಳಗಿನ ರೋಗ ಬೆಳೆಯುತ್ತಿರುತ್ತದೆ. ಬೇಗ ಕಂಡುಹಿಡಿದಿದ್ದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾಗಿದ್ದ ಕಾಯಿಲೆ, ಏರಿದ ಅಂಕಿಯ ಮರೆಯಲ್ಲಿ ಕೈಮೀರಿಹೋಗುತ್ತದೆ.

ಕಬ್ಬಿಣದ ಗುಳಿಗೆ ಬೇಡವೆಂದು ಇದರ ಅರ್ಥವಲ್ಲ. ಕೊರತೆಯಿದ್ದಲ್ಲಿ ಅದೇ ಔಷಧ. ಮೂರುನಾಲ್ಕು ವಾರಗಳಲ್ಲಿ ಒಂದೆರಡು ಗ್ರಾಂ ಏರುವುದನ್ನು ಕಾಣಬಹುದು. ಕಾಫಿ, ಚಹದೊಡನೆ ನುಂಗಿದರೆ ಅದು ಮೈಗೆ ಚೆನ್ನಾಗಿ ಹತ್ತದು. ಅಂಕಿ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಮಾತ್ರ ಮೈಯಲ್ಲಿನ ಸಂಗ್ರಹ ತುಂಬುತ್ತದೆ. ಏರಬೇಕಾದಷ್ಟು ಏರದಿದ್ದರೆ ಮತ್ತೆ ವೈದ್ಯರನ್ನು ಕಾಣಬೇಕು.

ಆದುದರಿಂದ ವೈದ್ಯರಲ್ಲಿಗೆ ಹೋಗುವಾಗ ಹೊಸ ವರದಿಯೊಡನೆ ಹಳೆಯ ವರದಿಗಳನ್ನೂ ಒಯ್ಯಿರಿ. ಹೋದ ವರ್ಷ 15 ಇದ್ದದ್ದು ಈ ವರ್ಷ 13ಕ್ಕೆ ಇಳಿದಿದ್ದರೆ, ಮಿತಿಯೊಳಗಿದ್ದರೂ ಅದು ವಿಚಾರಿಸತಕ್ಕ ಸಂಗತಿಯೇ. ನುಂಗುತ್ತಿರುವ ಗುಳಿಗೆಗಳ ಹೆಸರನ್ನು ಮರೆಮಾಚದೆ ಹೇಳಿರಿ. “ಎಷ್ಟಿದೆ?” ಎಂದು ಕೇಳಿ ಸುಮ್ಮನಾಗದೆ, “ಏಕೆ ಹೀಗಾಗಿದೆ?” ಎಂದೂ ಕೇಳಿರಿ. ಆ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ರಕ್ತಪರೀಕ್ಷೆ ಮುಗಿಯಿತೆಂದು ತಿಳಿಯಬೇಕು.