ಚುನಾವಣೆಯಲ್ಲಿ ವಿದೇಶಿ ಕೈ: ಅಮೆರಿಕದ ಅನುಭವ

ತಮ್ಮ ಚುನಾವಣೆಯಲ್ಲಿ ಪರದೇಶದವರು ಕೈಯಾಡಿಸಬಹುದೆಂಬ ಭಯ ಅಮೆರಿಕದಲ್ಲಿ ಆ ದೇಶದ ಸಂವಿಧಾನದಷ್ಟೇ ಹಳೆಯದು. 1787ರಲ್ಲಿ ಸಂವಿಧಾನದ ಕರಡು ಹೊರಬಂದಾಗ ಜಾನ್ ಆಡಮ್ಸ್ ಲಂಡನ್ನಿನಲ್ಲಿದ್ದರು, ಥಾಮಸ್ ಜೆಫರ್ಸನ್ ಪ್ಯಾರಿಸ್ಸಿನಲ್ಲಿದ್ದರು. ಚುನಾವಣೆ ಬಂದಾಗಲೆಲ್ಲ ಹೊರಗಿನವರ ಪ್ರಭಾವದ ಅಪಾಯವೂ ಮರಳಿ ಬರುತ್ತದೆಂದು ಆಡಮ್ಸ್ ಆ ವರ್ಷದ ಡಿಸೆಂಬರಿನಲ್ಲಿ ಜೆಫರ್ಸನ್ನರಿಗೆ ಕಾಗದ ಬರೆದರು. ಒಂಬತ್ತೇ ವರ್ಷದಲ್ಲಿ ಇಬ್ಬರೂ ಅಧ್ಯಕ್ಷ ಸ್ಥಾನಕ್ಕೆ ಎದುರಾಳಿಗಳಾಗಿ ಕಣಕ್ಕಿಳಿದರು; ಆ ಮಾತೂ ನಿಜವಾಯಿತು. ಫ್ರಾನ್ಸಿನ ರಾಜತಾಂತ್ರಿಕ ಪ್ರತಿನಿಧಿ ಪಿಯೇರ್ ಅಡೆ 1796ರ ಚುನಾವಣೆಯ ಮುನ್ನ ಫಿಲಡೆಲ್ಫಿಯಾದ ‘ಅರೋರಾ’ ಪತ್ರಿಕೆಯಲ್ಲಿ ಸರಣಿ ಪತ್ರಗಳನ್ನು ಪ್ರಕಟಿಸಿದ. ಅಮೆರಿಕದ ಆಗಿನ ಸರಕಾರ ಬ್ರಿಟನ್ನಿನ ಕಡೆ ವಾಲಿದೆ, ಹೀಗೇ ಮುಂದುವರಿದರೆ ಫ್ರಾನ್ಸಿನ ಸ್ನೇಹ ಉಳಿಯುವುದಿಲ್ಲ ಎಂಬುದು ಅವುಗಳ ಧಾಟಿ. ಜೆಫರ್ಸನ್ ಗೆಲ್ಲಲಿ ಎಂದು ಬಾಯಿಬಿಟ್ಟು ಹೇಳುವುದೊಂದೇ ಬಾಕಿಯಿತ್ತು. ಆದರೂ ಅಧ್ಯಕ್ಷರನ್ನು ಆರಿಸುವ ಮತದಾರ ಮಂಡಳಿಯಲ್ಲಿ 71 ಮತಗಳಿಗೆ 68 ಮತಗಳಂತೆ ಆಡಮ್ಸ್ ಗೆದ್ದರು.

ಇದರ ಬೆನ್ನಿಗೇ ಮೊದಲ ಕಾನೂನು ಬಂತು. 1798ರಲ್ಲಿ ಜಾರ್ಜ್ ಲೋಗನ್ ಎಂಬ ಫಿಲಡೆಲ್ಫಿಯಾದ ವೈದ್ಯ ತನ್ನಷ್ಟಕ್ಕೆ ಫ್ರಾನ್ಸಿಗೆ ಹೋಗಿ ಸಂಧಾನದ ಮಾತುಕತೆ ನಡೆಸಿದ. ಸಿಟ್ಟಾದ ಅಮೆರಿಕದ ಸಂಸತ್ತು ಕಾಂಗ್ರೆಸ್, ಸರಕಾರದ ಅಪ್ಪಣೆಯಿಲ್ಲದೆ ವಿದೇಶಿ ಸರಕಾರದ ಜೊತೆ ಸಂಧಾನದ ಮಾತಾಡುವುದನ್ನು ಅಪರಾಧವೆಂದು 1799ರಲ್ಲಿ ಸಾರಿತು. ಈ ಲೋಗನ್ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರ ಕೆಳಗೆ 1803ರಲ್ಲಿ ಒಮ್ಮೆ, 1852ರಲ್ಲಿ ಮತ್ತೊಮ್ಮೆ ಆರೋಪ ಹೊರಿಸಲಾಯಿತು. ಶಿಕ್ಷೆಯಾದದ್ದು ಯಾರಿಗೂ ಇಲ್ಲ. ರಾಜಕಾರಣಿಗಳು ಒಬ್ಬರನ್ನೊಬ್ಬರು ಹೆದರಿಸುವುದಕ್ಕೆ ಮಾತ್ರ ಅದು ಬಳಕೆಯಾಗುತ್ತ ಬಂದಿದೆ.

ವಿದೇಶಿಯರ ಹೆಸರನ್ನೇ ಅಸ್ತ್ರ ಮಾಡಿಕೊಂಡ ಪ್ರಸಂಗವೂ ಉಂಟು. 1888ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ರಿಪಬ್ಲಿಕನ್ ಬೆಂಬಲಿಗ, ಮರ್ಚಿಸನ್ ಎಂಬ ಸುಳ್ಳು ಹೆಸರಿನಲ್ಲಿ ಬ್ರಿಟಿಷ್ ರಾಜತಾಂತ್ರಿಕ ಪ್ರತಿನಿಧಿ ಸ್ಯಾಕ್‌ವಿಲ್ ವೆಸ್ಟ್‌ಗೆ ಪತ್ರ ಬರೆದ. ತಾನು ಇಂಗ್ಲೆಂಡಿನಿಂದ ಬಂದು ನೆಲೆಸಿದವನು, ಯಾರಿಗೆ ಮತ ಹಾಕಲಿ ಎಂದು ಕೇಳಿದ. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಬ್ರಿಟನ್ನಿಗೆ ಅನುಕೂಲದವರು ಎಂಬ ಅರ್ಥದ ಉತ್ತರವನ್ನು ಆ ಭೋಳೆ ಮನುಷ್ಯ ಬರೆದೇಬಿಟ್ಟ. ಮತದಾನಕ್ಕೆ ಎರಡು ವಾರವಿರುವಾಗ ಪತ್ರ ಅಚ್ಚಾಯಿತು, ಐರಿಷ್ ಮೂಲದ ಮತದಾರರು ಕೆರಳಿದರು. ಕ್ಲೀವ್‌ಲ್ಯಾಂಡ್ ಅವನನ್ನು ದೇಶದಿಂದ ಹೊರಕಳಿಸಿದರೂ ಚುನಾವಣೆ ಸೋತರು. ಜನರ ಒಟ್ಟು ಮತ ಅವರಿಗೇ ಹೆಚ್ಚು ಬಂದಿತ್ತು. ಮತದಾರ ಮಂಡಳಿಯ ಲೆಕ್ಕದಲ್ಲಿ ಕೈಕೊಟ್ಟದ್ದು ನ್ಯೂಯಾರ್ಕಿನಂಥ ರಾಜ್ಯಗಳು.

ಇಪ್ಪತ್ತನೆಯ ಶತಮಾನದಲ್ಲಿ ಪತ್ರದ ಜಾಗಕ್ಕೆ ಹಣ ಬಂತು. ನಾಜಿ ಪ್ರಚಾರಕರನ್ನು ಬಯಲಿಗೆಳೆಯಲೆಂದು 1938ರಲ್ಲಿ ವಿದೇಶಿ ಏಜೆಂಟರ ನೋಂದಣಿ ಕಾಯಿದೆ ಹುಟ್ಟಿತು. ಶೀತಲ ಸಮರದ ದಿನಗಳಲ್ಲಿ ಸೋವಿಯತ್ ರಾಯಭಾರಿಗಳು ನೇರವಾಗಿಯೇ ಸಹಾಯಕ್ಕೆ ಮುಂದಾದರು. 1960ರ ಜನವರಿಯಲ್ಲಿ ರಾಯಭಾರಿ ಮೆನ್ಶಿಕೋವ್, ಡೆಮಾಕ್ರಟ್ ನಾಯಕ ಅಡ್ಲೈ ಸ್ಟೀವನ್‌ಸನ್‌ರನ್ನು ರಾಯಭಾರ ಕಚೇರಿಗೆ ಕರೆದು, ನಿಮ್ಮ ಗೆಲುವಿಗೆ ನಾವೇನು ಮಾಡಬಹುದು ಎಂಬ ಸೋವಿಯತ್ ನಾಯಕ ಕ್ರುಶ್ಚೇವರ ಸಂದೇಶ ಓದಿದರು. ಸ್ಟೀವನ್‌ಸನ್ ಬೇಡವೆಂದರು. 1968ರಲ್ಲಿ ರಾಯಭಾರಿ ದೊಬ್ರೀನಿನ್ ಡೆಮಾಕ್ರಟ್ ಅಭ್ಯರ್ಥಿ ಹ್ಯೂಬರ್ಟ್ ಹಂಫ್ರೀಯವರ ಮನೆಯಲ್ಲಿ ಉಪಾಹಾರಕ್ಕೆ ಕೂತು ಪ್ರಚಾರದ ಖರ್ಚಿನ ಮಾತು ತೆಗೆದಾಗ, ಮಾಸ್ಕೋದ ಶುಭಹಾರೈಕೆಯೇ ಸಾಕು ಎಂದು ಹಂಫ್ರೀ ನಯವಾಗಿ ಜಾರಿಕೊಂಡರು. ಇಬ್ಬರನ್ನೂ ತಡೆದದ್ದು ಕಾನೂನಿಗಿಂತ ಹೆಚ್ಚಾಗಿ ಅವರ ವಿವೇಕ.

ಅದೇ 1968ರಲ್ಲಿ ಹಂಫ್ರೀಯವರ ಎದುರಾಳಿ ರಿಚರ್ಡ್ ನಿಕ್ಸನ್ ನಡೆದ ದಾರಿಯೇ ಬೇರೆ. ವಿಯೆಟ್ನಾಂ ಯುದ್ಧ ನಿಲ್ಲಿಸಲು ಅಧ್ಯಕ್ಷ ಲಿಂಡನ್ ಜಾನ್ಸನ್ ಪ್ಯಾರಿಸ್ಸಿನಲ್ಲಿ ಶಾಂತಿ ಮಾತುಕತೆಗೆ ಹೆಣಗುತ್ತಿದ್ದರು. ಮತದಾನಕ್ಕೆ ಮೊದಲೇ ಶಾಂತಿ ಕುದುರಿದರೆ ಲಾಭ ಅವರದೇ ಪಕ್ಷದ ಹಂಫ್ರೀಯವರಿಗೆ. ಜುಲೈನಲ್ಲಿ ನಿಕ್ಸನ್ ನ್ಯೂಯಾರ್ಕಿನಲ್ಲಿ ದಕ್ಷಿಣ ವಿಯೆಟ್ನಾಮಿನ ರಾಯಭಾರಿ ಬುಯಿ ಜಿಯೆಮ್‌ರನ್ನು ಭೇಟಿಯಾದರು. ಜೊತೆಗಿದ್ದವರು ಚೀನಾ ಮೂಲದ ರಿಪಬ್ಲಿಕನ್ ನಿಧಿಸಂಗ್ರಾಹಕಿ ಅನಾ ಶೆನಾಲ್ಟ್. ಮುಂದೆ ಸಂದೇಶಗಳು ಓಡಾಡಿದ್ದು ಆಕೆಯ ಮೂಲಕ. ಅಕ್ಟೋಬರ್ 31ರಂದು ಜಾನ್ಸನ್ ಬಾಂಬ್ ದಾಳಿ ನಿಲ್ಲಿಸಿದರು. ಎರಡೇ ದಿನಕ್ಕೆ ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ಥಿಯೂ, ತಾವು ಪ್ಯಾರಿಸ್ಸಿಗೆ ಬರುವುದಿಲ್ಲವೆಂದರು. ಸ್ವಲ್ಪ ತಡೆದುಕೊಳ್ಳಿ, ಗೆಲ್ಲುವವರು ನಾವೇ ಎಂಬ ಸಂದೇಶ ರಾಯಭಾರ ಕಚೇರಿಗೆ ಮುಟ್ಟಿದ್ದು ಎಫ್‌ಬಿಐ ಕದ್ದಾಲಿಕೆಯಿಂದ ಜಾನ್ಸನ್‌ಗೆ ಗೊತ್ತಿತ್ತು. ಇದು ದೇಶದ್ರೋಹವೆಂದು ಅವರು ಫೋನಿನಲ್ಲಿ ಕೂಗಾಡಿದರು, ಬಹಿರಂಗವಾಗಿ ಮಾತ್ರ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಮಿತ್ರದೇಶದ ರಾಯಭಾರ ಕಚೇರಿಯ ಮಾತನ್ನು ಕದ್ದು ಕೇಳಿದ್ದನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು. ನಿಕ್ಸನ್ ಸುಮಾರು 5 ಲಕ್ಷ ಮತಗಳ ಅಂತರದಿಂದ ಗೆದ್ದರು.

ಇದರ ದಾಖಲೆಗಳನ್ನು ಜಾನ್ಸನ್‌ರ ಸಲಹೆಗಾರ ವಾಲ್ಟ್ ರೋಸ್ಟೋ 1973ರಲ್ಲಿ ಒಂದು ಲಕೋಟೆಯಲ್ಲಿ ಮೊಹರು ಮಾಡಿ, 50 ವರ್ಷ ತೆರೆಯಬಾರದೆಂದು ಬರೆದಿಟ್ಟರು. ಜಾನ್ಸನ್ ಗ್ರಂಥಾಲಯದವರು ಅದನ್ನು 1994ರಲ್ಲೇ ತೆರೆದರು. ನಿಕ್ಸನ್ ಬದುಕಿರುವವರೆಗೂ ತಮಗೇನೂ ಗೊತ್ತಿಲ್ಲ ಎಂದಿದ್ದರು. ಮಾತುಕತೆಗೆ ಅಡ್ಡಗಾಲು ಹಾಕಿ ಎಂದು ಅವರೇ ಸೂಚಿಸಿದ್ದನ್ನು ಆಪ್ತ ಹಾಲ್ಡೆಮನ್ ಕೈಬರಹದಲ್ಲಿ ಗುರುತು ಹಾಕಿಕೊಂಡದ್ದು ಚರಿತ್ರಕಾರ ಜಾನ್ ಫ್ಯಾರೆಲ್ ಅವರ ಸಂಶೋಧನೆಯಿಂದ ಬೆಳಕಿಗೆ ಬರುವಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಥಿಯೂ ಯಾರ ಮಾತೂ ಇಲ್ಲದೆಯೇ ಹಿಂದೆ ಸರಿಯುತ್ತಿದ್ದರು ಎನ್ನುವ ವಿದ್ವಾಂಸರೂ ಇದ್ದಾರೆ. ಅದು ನಿಜವಿರಬಹುದು. ಆದರೆ ಅದರಿಂದ ಪ್ರಯತ್ನದ ದೋಷ ಕಳೆಯುವುದಿಲ್ಲ.

ಕಾನೂನಿನ ಕಡೆಗೆ ಮರಳಿದರೆ, ವಿದೇಶಿ ದೇಣಿಗೆಯ ಮೇಲಿನ ನಿಷೇಧ 1966ರಲ್ಲಿ ವಿದೇಶಿ ಏಜೆಂಟರ ಕಾಯಿದೆಯೊಳಗೆ ಸೇರಿತು. ವಾಟರ್‌ಗೇಟ್ ಹಗರಣದ ನಂತರ, 1974ರಲ್ಲಿ, ಅದು ಎಲ್ಲ ವಿದೇಶಿಯರಿಗೂ ಅನ್ವಯವಾಯಿತು. 1996ರಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಏಷ್ಯಾದಿಂದ ಅಕ್ರಮ ಹಣ ಹರಿದ ಪ್ರಕರಣ ಬಯಲಾಗಿ, ಪಕ್ಷ ಲಕ್ಷಾಂತರ ಡಾಲರ್ ಹಿಂದಿರುಗಿಸಿತು. 2002ರ ತಿದ್ದುಪಡಿ ಹಗ್ಗವನ್ನು ಇನ್ನಷ್ಟು ಬಿಗಿ ಮಾಡಿತು. ಹಣ ಅಥವಾ ಬೆಲೆಯುಳ್ಳ ಬೇರಾವುದೇ ವಸ್ತುವನ್ನು ವಿದೇಶಿಯರು ಕೊಡಬಾರದು, ಅವರಿಂದ ಪಡೆಯಬಾರದು, ಕೇಳಲೂಬಾರದು. ಇಡೀ ವಿವಾದದ ಕೀಲು ಇರುವುದು ‘ಬೆಲೆಯುಳ್ಳ ವಸ್ತು’ ಎಂಬಲ್ಲಿ. ಎದುರಾಳಿಯ ಗುಟ್ಟಿಗೆ ಬೆಲೆ ಕಟ್ಟುವವರು ಯಾರು?

ಈ ಪ್ರಶ್ನೆ 2016ರಲ್ಲಿ ಎದುರಾಯಿತು. ಆ ವರ್ಷ ರಷ್ಯಾದ ಸೇನಾ ಗುಪ್ತಚರ ಸಂಸ್ಥೆ ಡೆಮಾಕ್ರಟಿಕ್ ಪಕ್ಷದ ಕಂಪ್ಯೂಟರುಗಳಿಗೆ ಕನ್ನ ಹಾಕಿ ಇಮೇಲ್‌ಗಳನ್ನು ಕದ್ದಿತು. ಅವು ವಿಕಿಲೀಕ್ಸ್ ಮೂಲಕ ಹೊರಬಿದ್ದವು. ಸೇಂಟ್ ಪೀಟರ್ಸ್‌ಬರ್ಗಿನ ಒಂದು ಕಂಪನಿ ಅಮೆರಿಕನ್ನರ ಸೋಗಿನಲ್ಲಿ ಫೇಸ್‌ಬುಕ್ ಖಾತೆಗಳನ್ನು ನಡೆಸಿತು. ಅವುಗಳ ಬರಹ 12 ಕೋಟಿ 60 ಲಕ್ಷ ಜನರನ್ನು ತಲುಪಿರಬಹುದೆಂದು ಫೇಸ್‌ಬುಕ್ಕೇ ಅಂದಾಜಿಸಿತು. ಇದರ ನಡುವೆ ಜೂನ್ 9ರಂದು, ಹಿಲರಿ ಕ್ಲಿಂಟನ್‌ಗೆ ಮುಳುವಾಗುವ ಮಾಹಿತಿ ರಷ್ಯಾದಿಂದ ಸಿಗುತ್ತದೆಂಬ ಆಸೆಯಲ್ಲಿ ಡೊನಾಲ್ಡ್ ಟ್ರಂಪರ ಮಗ, ಅಳಿಯ ಜಾರೆಡ್ ಕುಶ್ನರ್ ಮತ್ತು ಪ್ರಚಾರದ ಮುಖ್ಯಸ್ಥ ಪಾಲ್ ಮನಫೋರ್ಟ್ ಟ್ರಂಪ್ ಟವರಿನಲ್ಲಿ ರಷ್ಯನ್ ವಕೀಲೆಯೊಬ್ಬರನ್ನು ಕಂಡರು. ಸಿಕ್ಕಿದ್ದು ಮಾತ್ರ ರಷ್ಯಾದ ಮೇಲಿನ ಅಮೆರಿಕದ ನಿರ್ಬಂಧಗಳ ಬಗ್ಗೆ ಒಂದು ಉಪನ್ಯಾಸ.

ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಅವರ ವರದಿ 2019ರ ಏಪ್ರಿಲಿನಲ್ಲಿ ಪ್ರಕಟವಾಯಿತು. ರಷ್ಯಾದ ಹಸ್ತಕ್ಷೇಪ ವ್ಯಾಪಕವೂ ವ್ಯವಸ್ಥಿತವೂ ಆಗಿತ್ತು. ಆದರೆ ಟ್ರಂಪರ ಪ್ರಚಾರ ತಂಡ ಅದರೊಡನೆ ಸಂಚು ಹೂಡಿತ್ತೆಂಬುದು ಸಾಬೀತಾಗಲಿಲ್ಲ ಎಂಬುದು ಅದರ ನಿಲುವು. ಟವರಿನ ಭೇಟಿಗೆ ಮೊಕದ್ದಮೆ ಹೂಡದಿದ್ದಕ್ಕೆ ಎರಡು ಕಾರಣ ಕೊಟ್ಟರು: ತಪ್ಪೆಂದು ತಿಳಿದೇ ಮಾಡಿದರೆಂದು ತೋರಿಸುವುದು ಕಷ್ಟ, ಮಾಹಿತಿಯ ಬೆಲೆ ನಿಗದಿಪಡಿಸುವುದೂ ಕಷ್ಟ. ಮರುವರ್ಷ ರಿಪಬ್ಲಿಕನ್ನರ ಬಹುಮತವಿದ್ದ ಸೆನೆಟ್ ಸಮಿತಿ ಒಂದು ಹೆಜ್ಜೆ ಮುಂದೆ ಹೋಗಿ, ಮನಫೋರ್ಟ್ ಸಮೀಕ್ಷೆಯ ಅಂಕಿಅಂಶ ಹಂಚಿಕೊಂಡ ಕಾನ್‌ಸ್ಟಾಂಟಿನ್ ಕಿಲಿಮ್ನಿಕ್ ರಷ್ಯಾದ ಗುಪ್ತಚರ ಅಧಿಕಾರಿ ಎಂದಿತು. ಇನ್ನೊಂದು ಕಡೆ, ಮತ್ತೊಬ್ಬ ವಿಶೇಷ ತನಿಖಾಧಿಕಾರಿ ಡರ್ಹಮ್ ಅವರ 2023ರ ವರದಿ ಎಫ್‌ಬಿಐ ಆತುರದಿಂದ ತನಿಖೆ ಆರಂಭಿಸಿತೆಂದು ಟೀಕಿಸಿತು. ಕ್ಲಿಂಟನ್ ಕಡೆಯವರೂ ಬ್ರಿಟನ್ನಿನ ಮಾಜಿ ಗೂಢಚಾರ ಕ್ರಿಸ್ಟಫರ್ ಸ್ಟೀಲ್ ಸಂಗ್ರಹಿಸಿದ ಮಾಹಿತಿಗೆ ಹಣ ಕೊಟ್ಟಿದ್ದರು. ವಿದೇಶಿಯಿಂದ ಸೇವೆಯನ್ನು ಮಾರುಕಟ್ಟೆ ದರಕ್ಕೆ ಕೊಳ್ಳುವುದು ದೇಣಿಗೆಯಲ್ಲ; ದಂಡ ಬಿದ್ದದ್ದು ಆ ಖರ್ಚನ್ನು ವಕೀಲರ ಶುಲ್ಕವೆಂದು ತೋರಿಸಿದ್ದಕ್ಕೆ. ಪುಕ್ಕಟೆ ಪಡೆದರೆ ಅಪರಾಧವಾಗಬಹುದಾದದ್ದು ದುಡ್ಡು ಕೊಟ್ಟರೆ ವ್ಯಾಪಾರ!

ವಿದೇಶಿಯರಿಂದ ಇಂಥ ಸಹಾಯದ ಪ್ರಸ್ತಾಪ ಬಂದರೆ ಪ್ರಚಾರ ತಂಡ ಎಫ್‌ಬಿಐಗೆ ತಿಳಿಸಲೇಬೇಕೆಂಬ ಮಸೂದೆಯನ್ನು ಕೆಳಮನೆ 2019ರ ಅಕ್ಟೋಬರಿನಲ್ಲಿ ಅಂಗೀಕರಿಸಿತು. ಅದು ಸೆನೆಟ್ ದಾಟಲಿಲ್ಲ.

ಅಮೆರಿಕ ಬರೀ ಬಲಿಪಶುವೇನಲ್ಲ. 1946ರಿಂದ 2000ದವರೆಗೆ ಅಮೆರಿಕ ಮತ್ತು ರಷ್ಯಾ (ಮೊದಲಿನ ಸೋವಿಯತ್ ಒಕ್ಕೂಟ) ಪರದೇಶದ ಚುನಾವಣೆಗಳಲ್ಲಿ 117 ಬಾರಿ ತಲೆಹಾಕಿದವೆಂದು ವಿದ್ವಾಂಸ ಡೋವ್ ಲೆವಿನ್ ಲೆಕ್ಕ ಹಾಕಿದ್ದಾರೆ; ಅದರಲ್ಲಿ 81 ಅಮೆರಿಕದ್ದು. ಕೇರಳ ಮತ್ತು ಪಶ್ಚಿಮ ಬಂಗಾಳದಲ್ಲಿ ಕಮ್ಯುನಿಸ್ಟರನ್ನು ಸೋಲಿಸಲು ಅಮೆರಿಕ ಎರಡು ಸಲ ಭಾರತದ ಕಾಂಗ್ರೆಸ್ ಪಕ್ಷಕ್ಕೆ ಹಣ ಕೊಟ್ಟಿತ್ತೆಂದು, ದೆಹಲಿಯಲ್ಲಿ ರಾಯಭಾರಿಯಾಗಿದ್ದ ಡೇನಿಯಲ್ ಮೊಯ್ನಿಹನ್ 1978ರ ತಮ್ಮ ಪುಸ್ತಕದಲ್ಲಿ ಬರೆದರು. ಇಂದಿರಾ ಗಾಂಧಿ ಅದನ್ನು ಅಲ್ಲಗಳೆದರು. ಭಾರತದಲ್ಲಿ ಪಕ್ಷಗಳು ವಿದೇಶಿ ವಂತಿಗೆ ಪಡೆಯದಂತೆ ತಡೆಯುವ ಕಾಯಿದೆ ಬಂದದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ. ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ಅದನ್ನು ಮುರಿದಿವೆಯೆಂದು ದೆಹಲಿ ಹೈಕೋರ್ಟ್ 2014ರಲ್ಲಿ ಹೇಳಿತು. ಬಳಿಕ ಸಂಸತ್ತು ಕಾಯಿದೆಯನ್ನೇ ಪೂರ್ವಾನ್ವಯವಾಗಿ ತಿದ್ದಿತು, 2018ರಲ್ಲಂತೂ 1976ರಷ್ಟು ಹಿಂದಕ್ಕೆ. ಆ ತಿದ್ದುಪಡಿಯ ಬಗ್ಗೆ ಸಂಸತ್ತಿನಲ್ಲಿ ಹೆಚ್ಚು ಚರ್ಚೆಯೂ ಆಗಲಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಕಾನೂನುಗಳು ನೇರವಾಗಿ ತಟ್ಟುತ್ತವೆ. ತಾತ್ಕಾಲಿಕ ವೀಸಾದ ಮೇಲೆ ದುಡಿಯುವವರು ಅಲ್ಲಿನ ಅಭ್ಯರ್ಥಿಗೆ ಒಂದು ಡಾಲರನ್ನೂ ಕೊಡುವಂತಿಲ್ಲ. ನ್ಯೂಯಾರ್ಕಿನಲ್ಲಿ ಹಾಗೆ ಕೆಲಸಕ್ಕಿದ್ದ ಕೆನಡಾದ ವಕೀಲರೊಬ್ಬರು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 2012ರಲ್ಲಿ ನಿಷೇಧವನ್ನೇ ಎತ್ತಿಹಿಡಿಯಿತು. ಸಂಬಳವಿಲ್ಲದೆ ಸ್ವಯಂಸೇವಕರಾಗಿ ಪ್ರಚಾರದಲ್ಲಿ ತೊಡಗಲು ಇಂಥ ವೀಸಾದವರಿಗೆ ಅಡ್ಡಿಯಿಲ್ಲ. ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಅಮೆರಿಕದ ಪೌರತ್ವ ಪಡೆದವರು ಅಲ್ಲಿ ಎರಡನ್ನೂ ಮಾಡಬಹುದು. ಆದರೆ ಭಾರತದ ಕಾನೂನಿನ ಕಣ್ಣಿಗೆ ಅವರೂ ವಿದೇಶಿಯರೇ, ಹುಟ್ಟೂರಿನ ಅಭ್ಯರ್ಥಿಗೆ ಅವರು ಹಣ ಕಳಿಸುವಂತಿಲ್ಲ.